ಲಾಯರ್ ಕಿವಿ, ಅತ್ತೆಯ ಹುಲ್ಲು

...ಇಲಿ ಅನ್ಬೇಡ. ನನಗೇನೂ ಬೇಜಾರಿಲ್ಲಪ್ಪ, ಆದರೆ ಹಿಂದಿನ ಬಾಗಿಲು ತೆಗೆದೇ ಇದೆ, ಅವಕ್ಕೆ ಕೇಳಿಸುತ್ತೆ. ಗಿನಿಪಿಗ್ ಅನ್ನು. ಹೆಸರಲ್ಲಿ ಹಂದಿ ಇದೆ, ಹಂದಿ ಅಲ್ಲ. ಮುಖ ಇಲಿದು, ಇಲಿ ಅಲ್ಲ. ಬಾಲ ಅಂತೂ ಇಲ್ಲವೇ ಇಲ್ಲ. ದೇವರು ಬೇರೆ ಯಾವುದೋ ಪ್ರಾಣಿ ಮಾಡೋಕೆ ಕೂತು, ಅರ್ಧಕ್ಕೇ ಊಟಕ್ಕೆ ಎದ್ದು ಹೋಗಿರ್ಬೇಕು... ಏಯ್, ನಗಬೇಡ! ನೊರೆ ಬಾಯೊಳಗೆ ಹೋಗುತ್ತೆ. ತಲೆ ಹಿಂದಕ್ಕೆ ಒರಗಿಸು. ಹಾಂ. ಹಾಗೇ ಇರು.

ನೋಡು ಭಾಮೈದ, ನಾನೇನು ದಡ್ಡ ಅಲ್ಲ. ಬೆಳಿಗ್ಗೆ ನೀನು ಬಸ್ಸಿಂದ ಇಳಿದೆ, ಬ್ಯಾಗು ಮನೇಲಿಟ್ಟೆ, ಕಾಫಿ ಕೂಡ ಕುಡೀದೆ ಸೀದಾ ಅಂಗಡಿಗೆ ಬಂದು "ಭಾವ, ಒಂದು ಶೇವಿಂಗು" ಅಂದೆ. ನಿನ್ನ ಗಡ್ಡ ನೋಡಿದೆ. ನಿನ್ನೆ ತೆಗೆದಿರೋ ಗಡ್ಡ ಅದು. ಇಷ್ಟು ಗಡ್ಡಕ್ಕೆ ಅಷ್ಟು ದೂರದಿಂದ ಬರೋನು ಒಂದೋ ಮದುಮಗ, ಇಲ್ಲಾ ಗೂಢಚಾರ. ನಿನ್ನ ಮದುವೆ ಊಟ ನಾನೇ ಮಾಡಿದೀನಿ, ಹಾಗಾಗಿ ಮದುಮಗ ಅಂತೂ ಅಲ್ಲ. ...ಕಣ್ಣು ಯಾಕೆ ಆ ಕಡೆ ತಿರುಗಿಸ್ತೀಯ? ನಿಮ್ಮಕ್ಕ ಫೋನ್ ಮಾಡಿದ್ಳು ತಾನೆ? "ನಿನ್ನ ಭಾವನಿಗೆ ತಲೆ ಕೆಟ್ಟಿದೆ ಕಣೋ, ಎರಡು ಇಲಿಗೋಸ್ಕರ ಲಾಯರ ಕಿವಿ ಕೊಯ್ದಿದಾರೆ, ಅಂಗಡಿ ಖಾಲಿ ಬಿಟ್ಟು ಹಿತ್ತಲಲ್ಲಿ ಹುಲ್ಲು ಕತ್ತರಿಸ್ತಾ ಕೂತಿರ್ತಾರೆ, ಬಂದು ಸ್ವಲ್ಪ ವಿಚಾರಿಸು." ಅಂದ್ಳು ತಾನೆ? ...ಬೇಡ, ಉತ್ತರ ಕೊಡ್ಬೇಡ. ತುಟಿ ಮೇಲೆ ಬ್ರಷ್ ಇದೆ.

ಕೊಯ್ದೆ. ಹೌದು. ಕೊಯ್ದೆ! ಬೇಕಂತಲೇ ಕೊಯ್ದೆ! ರಸ್ತೆಯಲ್ಲಿ ಯಾರನ್ನ ಬೇಕಾದರೂ ಕೇಳು. ಹಾಲಿನ ಅಂಗಡಿಯವನು ಅದನ್ನ ನನಗಿಂತ ಚೆನ್ನಾಗಿ ಹೇಳ್ತಾನೆ, ಅವನ ಕಥೆಯಲ್ಲಿ ಕಿವಿ ಪೂರ್ತಿ ಕಿತ್ತು ನೆಲದ ಮೇಲೆ ಬಿದ್ದಿದೆ. ಬಿದ್ದಿಲ್ಲ. ಹಾಲೆಯ ಹತ್ತಿರ ಒಂದು ಚೂರು ಗೀರು, ಅಷ್ಟೇ. ಅಲ್ಲಿಗೆ ಆಮೇಲೆ ಬರ್ತೀನಿ. ಮೊದಲಿಂದ ಕೇಳು. ನಿನಗೇನು ಆತುರ? ಗಡ್ಡ ನೆನೀಲಿ.

ಎದುರಿಗೆ ಔಷಧಿ ಅಂಗಡಿ ಕಾಣ್ತಿದೆಯಲ್ಲ? ಅದರ ಮಾಲೀಕನ ಮಗಳು ಹಟ ಮಾಡಿ ಇವೆರಡನ್ನ ತರಿಸ್ಕೊಂಡ್ಳು. ತಂದ ಮೇಲೆ ಗೊತ್ತಾಯ್ತು, ಅವಳಿಗೆ ಇವುಗಳ ಕೂದಲು ಆಗಲ್ಲ. ಒಂದೇ ಸಮ ಸೀನು, ಕಣ್ಣು ಮೂಗಲ್ಲೆಲ್ಲ ನೀರು. ಅಂಗಡಿ ತುಂಬ ಔಷಧಿ ಇಟ್ಕೊಂಡಿದಾನೆ ಮಹಾನುಭಾವ, ಮಗಳ ಸೀನು ನಿಲ್ಲಿಸೋಕಾಗಲಿಲ್ಲ! ಒಂದು ಬೆಳಿಗ್ಗೆ ಚಪ್ಪಲಿ ಡಬ್ಬ ಹಿಡ್ಕೊಂಡು ಬಂದ. "ಎರಡೇ ದಿನ ಇಟ್ಕೊಳ್ಳಿ ಅಣ್ಣ, ಯಾರಾದರೂ ಸಿಗೋವರೆಗೆ." ಎರಡು ದಿನ! ಈಗ ನನ್ನ ಅಂಗಡಿ ಮುಂದೆ ಹಾಯೋವಾಗೆಲ್ಲ ಫೋನ್ ಕಿವಿಗಿಟ್ಕೊಂಡು "ಹಲೋ, ಹಲೋ" ಅಂತಾನೆ. ಆ ಕಡೆ ಯಾರೂ ಇರಲ್ಲ. ಒಂದೊಂದು ಸಲ ಫೋನೇ ತಲೆಕೆಳಗಾಗಿರುತ್ತೆ.

ನಾನು ಡಬ್ಬದ ಮುಚ್ಚಳ ತೆಗೆದೆ. ಒಂದು ನನ್ನ ಮುಖ ನೋಡಿ ಮೂಗು ಮುರೀತು, ಪಕ್ಕಕ್ಕೆ ತಿರುಗಿ ಕೂತ್ಕೊಂಡು ಗುರ್ ಗುರ್ ಅಂತು. ಎಲ್ಲೋ ನೋಡಿದೀನಲ್ಲ ಈ ಮುಖ ಅಂತ ಯೋಚನೆ ಮಾಡಿದೆ... ಅದಕ್ಕೇ ಅದಕ್ಕೆ ಅತ್ತೆ ಅಂತ ಹೆಸರಿಟ್ಟೆ. ...ಸಿಟ್ಟಾಗ್ಬೇಡ! ನಿಮ್ಮಮ್ಮನ ಮೇಲೆ ಗೌರವ ಇರೋದಕ್ಕೇ ಇಟ್ಟಿದ್ದು! ಮತ್ತೆ ಇನ್ನೊಂದರ ಹೆಸರು ಕೇಳು, ಬೀಗಿತ್ತಿ. ಅದು ನಮ್ಮಮ್ಮನ ಲೆಕ್ಕ. ನಾನು ಪಕ್ಷಪಾತ ಮಾಡೋನಲ್ಲ. ಇಬ್ಬರೂ ಒಂದೇ ತಟ್ಟೆಯಲ್ಲಿ ತಿಂತಾರೆ, ಒಬ್ಬರಿಗೊಬ್ಬರು ಬೆನ್ನು ತಿರುಗಿಸ್ಕೊಂಡು ಮಲಗ್ತಾರೆ. ನಮ್ಮ ಮನೆಯಲ್ಲಿ ಇದ್ದ ಹಾಗೇ.

ಹಾಂ, ಹುಲ್ಲು. ಹುಲ್ಲಿನ ವಿಷಯ ನಿಮ್ಮಕ್ಕ ತಪ್ಪು ತಿಳ್ಕೊಂಡಿದಾಳೆ. ಹುಲ್ಲು ಶೋಕಿಗಲ್ಲ. ಇವಕ್ಕೆ ದಿನವಿಡೀ ಏನಾದರೂ ಅಗೀತಾ ಇರ್ಬೇಕು, ಇಲ್ಲಾಂದ್ರೆ ಹಲ್ಲು ಬೆಳೆದು ಬೆಳೆದು ಬಾಯಿ ಮುಚ್ಚೋಕೇ ಆಗಲ್ಲವಂತೆ. ಪ್ರಾಣಿಗಳ ಡಾಕ್ಟರಮ್ಮ ಹೇಳಿದ್ದು. ಒಣಹುಲ್ಲು ಎಷ್ಟು ಬೇಕಾದರೂ ಹಾಕಿ, ಜೊತೆಗೆ ಹಸಿ ಹುಲ್ಲಿನ ಮೇಲೆ ಸ್ವಲ್ಪ ಹೊತ್ತು ಬಿಡಿ ಅಂದ್ಳು. ಸರಿ, ಅಂಗಡಿ ಹಿಂದೆ ಜಾಗ ಇದೆಯಲ್ಲ ಅಂದ್ಕೊಂಡೆ. ಜಾಗ ಅಂದ್ರೆ ಏನು, ಎರಡು ಬೆಡ್‌ಶೀಟ್ ಹಾಸೋಷ್ಟು. ಆ ಕಡೆ ಲಾಯರ ಕಾಂಪೌಂಡು, ಈ ಕಡೆ ನನ್ನ ಗೋಡೆ.

ಅಗೆಯೋಕೆ ಶುರು ಮಾಡಿದೆ. ಏನ್ ಸಿಕ್ಕಿತು ಹೇಳು? ಕೂದಲು! ನಮ್ಮಪ್ಪನ ಕಾಲದಿಂದ ಗುಡಿಸಿದ ಕೂದಲೆಲ್ಲ ನಾವು ಅಲ್ಲೇ ಎಸೀತಿದ್ವಿ. ಈ ರಸ್ತೆಯ ಗಂಡಸರೆಲ್ಲ ಅಲ್ಲಿ ಪದರ ಪದರವಾಗಿ ಮಲಗಿದಾರೆ. ಇವತ್ತು ಬಕ್ಕತಲೆ ಇಟ್ಕೊಂಡು ಓಡಾಡೋ ಬ್ಯಾಂಕಿನವರ ಕಾಲೇಜು ಕಾಲದ ಗುಂಗುರು ಕೂದಲು, ಅದೂ ಸಿಕ್ಕಿತು ಅಂತಿಟ್ಕೋ. ಕೂದಲು ಇವುಗಳ ಹೊಟ್ಟೆಗೆ ಹೋದರೆ ಗಂಟು ಕಟ್ಕೊಳ್ಳುತ್ತೆ. ಹೋಗಲಿ, ಕೂದಲು ಜರಡಿ ಹಿಡಿದು ತೆಗೆಯಬಹುದು. ಬ್ಲೇಡು? ಮುರಿದ ಬ್ಲೇಡು, ತುಕ್ಕು ಹಿಡಿದ ಬ್ಲೇಡು, ಅಂಗುಲಕ್ಕೊಂದು! ಹಳೇ ಸ್ಪೀಕರ್ ಒಡೆದು ಆಯಸ್ಕಾಂತ ತೆಗೆದೆ, ಅದಕ್ಕೆ ದಾರ ಕಟ್ಟಿ ಮಣ್ಣಿನ ಮೇಲೆ ಎಳೆದೆ. ನಾಯಿ ಕರ್ಕೊಂಡು ವಾಕಿಂಗ್ ಹೋಗೋ ಹಾಗೆ ಹಿತ್ತಲ ತುಂಬ ಆಯಸ್ಕಾಂತ ಎಳ್ಕೊಂಡು ಓಡಾಡಿದೆ. ನಿಮ್ಮಕ್ಕ ಹಿತ್ತಲಿಗೆ ಕಾಣೋ ನಮ್ಮ ಅಡುಗೆಮನೆ ಕಿಟಕಿಯಿಂದ ನೋಡಿದ್ಳು. ನಿನಗೆ ಫೋನ್ ಮಾಡೋ ಯೋಚನೆ ಅವಳಿಗೆ ಅವತ್ತೇ ಬಂದಿರ್ಬೇಕು.

ಅಯ್ಯೋ, ನೊರೆ ಒಣಗಿತಲ್ಲ. ಇರು, ಇನ್ನೊಂದು ಸಲ ಹಚ್ತೀನಿ. ...ಒಳ್ಳೇ ಸೋಪು ಕಣೋ ಇದು. ಹಚ್ಚಿದಷ್ಟೂ ಒಳ್ಳೇದು.

ಆಮೇಲೆ ಗರಿಕೆ ತಂದು ನೆಟ್ಟೆ, ಗೆಣ್ಣು ಗೆಣ್ಣು ಬಿಡಿಸಿ. ಮೊಳಕೆ ಬರೋಕೆ ಮುಂಚೆ ನಿಮ್ಮಕ್ಕ ಒಂದು ಪ್ಲಾಸ್ಟಿಕ್ ಹುಲ್ಲಿನ ಹಾಸು ತಂದು ಹಾಸಿಬಿಟ್ಳು. "ನೋಡಿ, ನೀರು ಬೇಡ, ಏನೂ ಬೇಡ, ಯಾವಾಗಲೂ ಹಸಿರು." ಅತ್ತೆ ಹೋದಳು, ಮೂಸಿದಳು, ಒಂದು ಎಳೆ ಕಚ್ಚಿದಳು. ನಾನು ಓಡಿ ಹೋಗಿ ಬಾಯಿಗೆ ಬೆರಳು ಹಾಕಿ ತೆಗೆದೆ, ನನ್ನ ಬೆರಳನ್ನೂ ಕಚ್ಚಿದಳು. ಆ ಹಾಸನ್ನ ಸುತ್ತಿ ವಾಪಸ್ ಕೊಟ್ಟೆ. ಆಮೇಲೆ ನಿಮ್ಮಕ್ಕನ ಕಣಗಿಲೆ ಗಿಡ. ಗುಲಾಬಿ ಬಣ್ಣದ್ದು, ಅವಳು ಮಗುವಿನ ಥರ ಸಾಕಿದ್ದು. ಆದರೆ ಅದು ವಿಷ ಕಣೋ, ಒಂದು ಎಲೆ ಬಾಯಿಗೆ ಬಿದ್ದರೂ ಸಾಕು ಅತ್ತೆ, ಬೀಗಿತ್ತಿ ಇಬ್ಬರೂ ಒಟ್ಟಿಗೆ ಮೇಲಕ್ಕೆ. ಕುಂಡ ತಾರಸಿಗೆ ಹೊತ್ತೆ. "ಇಲಿಗೋಸ್ಕರ ನನ್ನ ಗಿಡ ಗಡೀಪಾರು ಮಾಡಿದ್ರಿ" ಅಂತ ಮಾತು ಬಿಟ್ಳು. ಎಷ್ಟು ದಿನ ಬಿಟ್ಳು ಅಂತ ಕೇಳ್ಬೇಡ, ಆರಾಮಾಗಿತ್ತು.

...ಆಹಾ, ಇದಕ್ಕೆ ನಗ್ತೀಯ! ನಿಮ್ಮಕ್ಕನಿಗೆ ಹೇಳ್ತೀನಿ ನೀನು ನಕ್ಕಿದ್ದು.

ಹುಲ್ಲು ಬಂತು ಅಂದ್ರೆ ಮುಗೀತು ಅಂದ್ಕೊಂಡಿದ್ದೆ. ಎಲ್ಲಿ! ಇಬ್ಬರೂ ಒಂದೇ ಮೂಲೆಯಲ್ಲಿ ಉಚ್ಚೆ ಹುಯ್ದು ಹುಯ್ದು ಹುಲ್ಲು ಹಳದಿ, ಆಮೇಲೆ ಬೋಳು. ತಂತಿಬಲೆಯದ್ದು ತಳ ಇಲ್ಲದ ಪಂಜರ ಮಾಡಿದೆ. ಇವತ್ತು ಇಲ್ಲಿ, ನಾಳೆ ಪಕ್ಕಕ್ಕೆ, ನಾಡಿದ್ದು ಅದರ ಪಕ್ಕಕ್ಕೆ, ಬಾಡಿಗೆ ಕೊಡದೆ ಮನೆ ಬದಲಾಯಿಸೋರ ಥರ. ಬಿಟ್ಟ ಜಾಗಕ್ಕೆ ನೀರು ಹಾಕಿ, ಹಿಕ್ಕೆ ಗುಡಿಸಿದರೆ ಹುಲ್ಲು ಮತ್ತೆ ತಲೆ ಎತ್ತುತ್ತೆ. ಪಂಜರಕ್ಕೆ ಮೇಲೂ ಬಲೆ ಬೇಕು, ಹದ್ದು ಬರುತ್ತೆ. ಒಂದು ಸಲ ಬಂತು! ಟವೆಲ್ ಬೀಸಿಕೊಂಡು ಓಡಿದೆ, ಅರ್ಧ ಕಟಿಂಗ್ ಆದ ಗಿರಾಕಿ ಕುತ್ತಿಗೆಗೆ ಬಟ್ಟೆ ಕಟ್ಕೊಂಡೇ ಕೋಲು ಹಿಡಿದು ನನ್ನ ಹಿಂದೆ. ಬೆಳಗಿನ ಇಬ್ಬನಿ ಆರೋವರೆಗೆ ಬಿಡೋ ಹಾಗಿಲ್ಲ, ಒದ್ದೆ ಹುಲ್ಲು ತಿಂದರೆ ಹೊಟ್ಟೆ ಕೆಡುತ್ತೆ. ಬಿಸಿಲು ಜಾಸ್ತಿಯಾದರೆ ನೆರಳು ಬೇಕು. ಇರುವೆ ಬಂದರೆ ಪುಡಿ ಹಾಕೋ ಹಾಗಿಲ್ಲ. ನನ್ನ ಮಗಳನ್ನ ಸಾಕುವಾಗ ಇಷ್ಟೆಲ್ಲ ನೋಡಿಲ್ಲ ಕಣೋ, ಅವಳು ಸೀಮೆಸುಣ್ಣ ತಿಂದೇ ದೊಡ್ಡವಳಾದಳು.

ಹುಲ್ಲಿಗೆ ಮಿಷಿನ್ ಹೊಡೆಯೋ ಹಾಗಿಲ್ಲವಾ ಅಂದ್ರೆ... ಹೊಡೀಬಹುದು. ಆದರೆ ಆ ಪುಡಿ ಹುಲ್ಲು ಸ್ವಲ್ಪ ಹೊತ್ತಿಗೇ ಬಿಸಿಯಾಗಿ ಹುಳಿ ಬರುತ್ತೆ, ತಿಂದರೆ ಹೊಟ್ಟೆ ಉಬ್ಬುತ್ತೆ. ಅದಕ್ಕೇ ಕತ್ತರಿ. ಕೂದಲು ಕತ್ತರಿಸೋ ಕತ್ತರೀನೇ. ನಿಮ್ಮಕ್ಕ ಏನ್ ಹೇಳಿದಾಳೋ ಗೊತ್ತು, "ಇಡೀ ದಿನ ಮಂಡಿಯೂರಿ ಕೂತು ಹುಲ್ಲಿಗೆ ಕಟಿಂಗ್ ಮಾಡ್ತಾರೆ." ಮಾಡ್ತೀನಿ! ಈ ಕಡೆ ಮಿಲಿಟರಿ ಕಟಿಂಗು, ಆ ಕಡೆ ಸ್ವಲ್ಪ ಉದ್ದ ಬಿಟ್ಟಿದೀನಿ, ಬಚ್ಚಿಟ್ಕೊಳ್ಳೋಕೆ ಬೇಕಲ್ಲ. ಹುಲ್ಲಿನಂಥ ಗಿರಾಕಿ ಇಲ್ಲ ಕಣೋ. "ಸೈಡಲ್ಲಿ ಸ್ವಲ್ಪ ಜಾಸ್ತಿ ಆಯ್ತು" ಅನ್ನಲ್ಲ. ಕನ್ನಡಿ ಕೇಳಲ್ಲ. ಹೆಚ್ಚು ಕಡಿಮೆ ಆದರೆ ರಕ್ತ ಬರಲ್ಲ...

ಏನು? ಏನಿಲ್ಲ. ಸುಮ್ಮನೆ ಹೇಳಿದೆ.

ಈಗ ಲಾಯರ ವಿಷಯಕ್ಕೆ ಬಂದೆ. ಅಲ್ಲಾಡ್ಬೇಡ. ಲಾಯರಪ್ಪನಿಗೆ ಕಳೆ ಕಂಡರೆ ಆಗಲ್ಲ. ಅವರ ಅಂಗಳದಲ್ಲಿ ಒಂದು ಹುಲ್ಲುಕಡ್ಡಿ ನಿಂತರೆ ಅವರ ಮೇಲೆ ಕೇಸು ಹಾಕಿದ ಹಾಗೆ ಅವರಿಗೆ. ಒಂದು ಭಾನುವಾರ ಬೆನ್ನಿಗೆ ಪಂಪು ಕಟ್ಕೊಂಡು, ಮೂಗಿಗೆ ಕರ್ಚೀಫು ಕಟ್ಕೊಂಡು, ಕಳೆ ಸಾಯಿಸೋ ಔಷಧಿ ಬುಸ್ ಬುಸ್ ಅಂತ ಹೊಡೆದ್ರು. ಗಾಳಿ ಈ ಕಡೆಗೆ. ನಾನು ಅಂಗಡಿಯಲ್ಲಿದ್ದೆ, ನನಗೇನು ಗೊತ್ತು? ಬಂದು ನೋಡ್ತೀನಿ, ಗೋಡೆ ಪಕ್ಕದ ಹುಲ್ಲು ಒದ್ದೆ ಒದ್ದೆ, ಏನೋ ವಾಸನೆ. ಅತ್ತೆ ಅಲ್ಲೇ ಕೂತು ಮೆಲ್ತಿದಾಳೆ!

ಮಾರನೇ ದಿನ ಅತ್ತೆ ತಿನ್ನೋದು ಬಿಟ್ಟಳು. ಯಾರು, ಅತ್ತೆ! ಫ್ರಿಜ್ಜಿನ ಬಾಗಿಲು ತೆಗೆದ ಸದ್ದಿಗೇ ಇಡೀ ರಸ್ತೆಗೆ ಕೇಳೋ ಹಾಗೆ ಕುಯಿಂ ಅಂತ ಕೂಗೋಳು. ಮೂಲೆಯಲ್ಲಿ ಗೂನು ಮಾಡ್ಕೊಂಡು, ಕೂದಲು ಕೆದರ್ಕೊಂಡು ಕೂತಿದಾಳೆ. ಬೀಗಿತ್ತಿ ಪಕ್ಕಕ್ಕೆ ಹೋಗಿ ಮೂಗಿಗೆ ಮೂಗಿಟ್ಟು ಕೂತ್ಕೊಂಡ್ಳು. ಯಾವತ್ತೂ ಹಾಗೆ ಕೂತೋಳಲ್ಲ. ಅಂಗಡಿ ಬಾಗಿಲು ಎಳೆದೆ, ಡಬ್ಬದಲ್ಲಿಟ್ಕೊಂಡು ಓಡಿದೆ. ಡಾಕ್ಟರಮ್ಮ ಹೊಟ್ಟೆ ಮುಟ್ಟಿ ನೋಡಿ ಬೈದ್ಳು. ಲಾಯರಿಗಲ್ಲ, ನನಗೆ! "ಗೋಡೆ ಪಕ್ಕ ಯಾಕೆ ಬಿಟ್ರಿ? ಪಕ್ಕದವರು ಏನು ಹೊಡೀತಾರೆ ಅಂತ ಕೇಳ್ಕೊಳ್ಳೋಕೆ ಏನು ಕಷ್ಟ?" ಔಷಧಿ ಕೊಟ್ಳು, ಜೊತೆಗೆ ಒಂದು ಹಿಟ್ಟು. ನೀರಲ್ಲಿ ಕಲಸಿ ಸೂಜಿ ಇಲ್ಲದ ಸಿರಿಂಜಲ್ಲಿ ಸ್ವಲ್ಪ ಸ್ವಲ್ಪವೇ ಬಾಯಿಗೆ ಬಿಡ್ತಾ ಇರಿ, ಹೊಟ್ಟೆ ನಿಂತರೆ ಜೀವ ನಿಂತ ಹಾಗೆ ಅಂದ್ಳು.

ಮನೆಗೆ ಬಂದೆ. ತೊಡೆ ಮೇಲೆ ಟವೆಲ್ ಹಾಸಿ ಕೂರಿಸ್ಕೊಂಡೆ. ಸಿರಿಂಜು ಬಾಯಿಗೆ ಹಿಡಿದೆ... ಎಷ್ಟು ಚಿಕ್ಕ ಬಾಯಿ ಗೊತ್ತಾ? ಕನ್ನಡಕ ಬೇರೆ ಅಂಗಡಿಯಲ್ಲೇ ಬಿಟ್ಟಿದ್ದೆ. ಹಿಟ್ಟು ಮೂಗಿಗೆ ಹೋಯ್ತು. ಮತ್ತೆ ಹಿಡಿದೆ, ಕಣ್ಣಿಗೆ ಹೋಯ್ತು. ಅತ್ತೆ ಕೆಮ್ಮಿದಳು. ನಿಮ್ಮಕ್ಕ ಅಲ್ಲೇ ಬಾಗಿಲಲ್ಲಿ ನಿಂತು ನೋಡ್ತಿದ್ಳು. ಮಾತು ಬಿಟ್ಟಿದ್ಳಲ್ಲ, ಕಣಗಿಲೆ ವಿಷಯಕ್ಕೆ? ಅವತ್ತು ಬಾಯಿ ಬಿಟ್ಳು. "ಕೊಡಿ ಇಲ್ಲಿ." ಕಿತ್ಕೊಂಡ್ಳು. ಇಲಿ ಅಂದ್ರೆ ಕುರ್ಚಿ ಹತ್ತೋಳು ಕಣೋ ನಿಮ್ಮಕ್ಕ! ಎತ್ಕೊಂಡು ಎದೆಗೊತ್ಕೊಂಡು, ಬಾಯಿ ಪಕ್ಕದಿಂದ ಮೆಲ್ಲಗೆ ಸಿರಿಂಜು ತೂರಿಸಿ, "ನುಂಗು, ನುಂಗು ನನ್ನವ್ವ" ಅಂತ ಆ ಸಂಜೆವರೆಗೆ ಕೂತ್ಳು. ಮಾರನೇ ದಿನವೂ ಕೂತ್ಳು. "ಎಲ್ಲ ನನಗೇ ಬಿಟ್ರಲ್ಲ, ನಿಮಗೆ ಕೈ ಇಲ್ವಾ?" ಅಂದ್ಳು ಮಧ್ಯೆ. ನಾನು ಹೇಳಿದೆ, "ನಿಮ್ಮಮ್ಮ ತಾನೆ, ನೀನೇ ನೋಡ್ಕೋ." ನಗಲಿಲ್ಲ. ನನ್ನನ್ನೇ ನೋಡಿದ್ಳು. ...ಹೀಗೇ, ಈಗ ನೀನು ನೋಡ್ತಿರೋ ಹಾಗೆ.

ಉಳೀತು! ಉಳಿಯದೆ ಏನು, ಅತ್ತೆ ಅಷ್ಟು ಸುಲಭಕ್ಕೆ ಹೋಗ್ತಾಳಾ! ಮೂರನೇ ದಿನ ಫ್ರಿಜ್ಜು ತೆಗೆದಾಗ ಕುಯಿಂ ಅಂದ್ಳು ನೋಡು... ನಿಮ್ಮಕ್ಕ ಸೆರಗಲ್ಲಿ ಮೂಗು ಒರೆಸ್ಕೊಂಡ್ಳು, ಈರುಳ್ಳಿ ಹೆಚ್ತಿದ್ದೆ ಅಂದ್ಳು. ಈರುಳ್ಳಿ ಎಲ್ಲೂ ಇರಲಿಲ್ಲ. ನಾನು ಗೋಡೆ ಪಕ್ಕದ ಮಣ್ಣೆಲ್ಲ ಅಗೆದು ಚೀಲಕ್ಕೆ ತುಂಬಿ ಸಾಗಿಸಿದೆ, ಹೊಸ ಮಣ್ಣು ಹಾಕಿ ಮತ್ತೆ ಗರಿಕೆ ನೆಟ್ಟೆ.

ಅದೇ ವಾರ ಲಾಯರು ಬಂದು ಇದೇ ಕುರ್ಚಿಯಲ್ಲಿ ಕೂತ್ರು. ನೀನು ಕೂತಿದೀಯಲ್ಲ, ಇಲ್ಲೇ. "ಏನಪ್ಪಾ, ಹೇಗಿದೆ ನಿನ್ನ ಇಲಿ?" ಅಂದ್ರು, ನಗ್ತಾ. ನನಗೆ ಮೈಯೆಲ್ಲ ಉರೀತು. ಕತ್ತಿ ಕೈಯಲ್ಲಿತ್ತು. ಮೀಸೆ ಆಯ್ತು, ಕೆನ್ನೆ ಆಯ್ತು, ಕಿವಿ ಪಕ್ಕಕ್ಕೆ ಬಂದೆ... ಸರಕ್! ಕೊಯ್ದೆ! "ಇದು ನಮ್ಮ ಅತ್ತೆಗೋಸ್ಕರ" ಅಂದೆ! ಇಡೀ ರಸ್ತೆ ಸೇರಿತು. ಲಾಯರು ಕಿವಿ ಹಿಡ್ಕೊಂಡು ಎದ್ದು ನಿಂತ್ರು. ಕೇಸು ಹಾಕ್ತಾರೆ ಅಂದ್ಕೊಂಡೆ. ಹಾಕಲಿಲ್ಲ! ಮಾರನೇ ದಿನದಿಂದ ಪಂಪು ಮೂಲೆಗಿಟ್ಟು, ಕೈಯಲ್ಲೇ ಕಳೆ ಕೀಳ್ತಿದಾರೆ. ನನ್ನ ಕಂಡರೆ ರಸ್ತೆ ಆ ಕಡೆಯಿಂದ ನಮಸ್ಕಾರ ಮಾಡ್ತಾರೆ, ಕಿವಿ ಮುಚ್ಕೊಂಡು! ಹಹ್ಹಾ! ಒಂದು ಗೀರಿಗೆ ಎಂಥ ಮರ್ಯಾದೆ ನೋಡು! ಗಿರಾಕಿಗಳು ಸ್ವಲ್ಪ ಕಡಿಮೆಯಾದ್ರು, ಹೌದು. ಹೆದರಿದ್ರು. ನಾನೇ ಹೇಳಿಬಿಟ್ಟೆ, ಇನ್ಮೇಲೆ ಶೇವಿಂಗ್ ಇಲ್ಲ, ಬರೀ ಕಟಿಂಗು, ಹುಲ್ಲು ನೋಡ್ಕೋಬೇಕು, ಪುರಸೊತ್ತಿಲ್ಲ ಅಂತ...

ನಗು ಬರಲಿಲ್ವಾ?

ಎಲ್ಲರೂ ಇಲ್ಲಿ ನಗ್ತಾರೆ ಕಣೋ. ಹಾಲಿನವನು ಹೊಟ್ಟೆ ಹಿಡ್ಕೊಂಡು ನಗ್ತಾನೆ. "ಇದು ನಮ್ಮ ಅತ್ತೆಗೋಸ್ಕರ"... ಚೆನ್ನಾಗಿಲ್ವಾ? ...ಸರಿ ಬಿಡು. ಬಾ, ಗಡ್ಡ ತೆಗೀತೀನಿ. ಅಯ್ಯೋ, ಮತ್ತೆ ಒಣಗಿತಾ ನೊರೆ? ಇನ್ನೊಂದು ಸಲ... ಬೇಡ್ವಾ? ಸಾಕಾ? ಸರಿ. ಸರಿ. ಇದೇ ನೋಡು ಕತ್ತಿ, ಹೊಸ ಬ್ಲೇಡು ಹಾಕಿದೀನಿ. ತಲೆ ಮೇಲೆತ್ತು.

...ಕನ್ನಡಿಯಲ್ಲಿ ಏನ್ ನೋಡ್ತಿದೀಯ? ನಿನ್ನ ಮುಖ ನೋಡ್ಕೋ. ನನ್ನ ಕೈ ಯಾಕೆ ನೋಡ್ತೀಯ?

ಅದು... ಫ್ಯಾನ್ ಗಾಳಿ. ...ಫ್ಯಾನ್ ಹಾಕಿಲ್ಲ ಅಲ್ವಾ. ಬೆಳಿಗ್ಗೆಯಿಂದ ಮಣ್ಣು ಹೊತ್ತೆ, ಅದಕ್ಕೆ. ನಿನ್ನ ಜೊತೆ ಮಾತಾಡ್ತಾ ಕಾಫಿ ಕುಡೀಲಿಲ್ಲ, ಅದಕ್ಕೂ ಇರಬಹುದು. ಒಂದು ನಿಮಿಷ ಇರು, ನಿಲ್ಲುತ್ತೆ. ಯಾವಾಗಲೂ ನಿಲ್ಲುತ್ತೆ. ನೋಡು, ಈ ಕೈಯಿಂದ ಈ ಕೈ ಹಿಡ್ಕೊಂಡರೆ...

ಏನಾದರೂ ಅನ್ನಬಾರದಾ? "ಭಾವ, ನಿಮಗೆ ಹುಚ್ಚು" ಅನ್ನು. ಅದನ್ನ ಹೇಳೋಕೆ ತಾನೆ ಬಂದಿದ್ದು? ಹುಚ್ಚ ಅನ್ನು, ನನಗೆ ಪರವಾಗಿಲ್ಲ. ಇಲಿ ಸಾಕೋ ಹುಚ್ಚ, ಕಿವಿ ಕೊಯ್ಯೋ ಹುಚ್ಚ. ಹುಚ್ಚನ ಹತ್ರ ಜನ ಕಟಿಂಗಿಗೆ ಬರ್ತಾರೆ, ನಗೋಕಾದರೂ ಬರ್ತಾರೆ. ಆದರೆ ಇನ್ನೊಂದು ಮಾತು ಗೊತ್ತಾದರೆ...

ಏಯ್. ಏನ್ ಮಾಡ್ತಿದೀಯ? ಕಣ್ಣು ಯಾಕೆ ಮುಚ್ಚಿದೆ? ಕಣ್ ತೆಗಿಯೋ! ಕತ್ತು ಯಾಕೆ ಹಾಗೆ ಎತ್ತಿ ಕೊಡ್ತೀಯ? ನಿನಗೆ ಭಯ ಇಲ್ವಾ? ಕೈ ನೋಡಿದೆ ತಾನೆ ನೀನು? ನೋಡಿ ಕೂಡ... ಕೂತ್ಕೊಂಡೇ ಇದೀಯಲ್ಲೋ... ಬೇಡ ಕಣೋ. ಬೇಡ ಮಗು. ನನ್ನಿಂದ ಆಗಲ್ಲ.

...ಇಟ್ಟೆ ನೋಡು, ಕತ್ತಿ ಅಲ್ಲಿಟ್ಟೆ. ಕಣ್ಣು ಬಿಡು.

ಬೇಕಂತ ಕೊಯ್ಯೋಕೆ ಕೈ ಹೇಳಿದ ಮಾತು ಕೇಳ್ಬೇಕು ಕಣೋ. ಲಾಯರು ಪಾಪ ಅವತ್ತು ಕ್ಷಮೆ ಕೇಳೋಕೆ ಬಂದಿದ್ದು. ಇಲಿ ಹೇಗಿದೆ ಅಂತ ನಿಜವಾಗಲೂ ವಿಚಾರಿಸಿದ್ರು. ಕೈ ಜಾರಿತು. ರಕ್ತ ನೋಡಿದೆ, ಬಾಗಿಲಲ್ಲಿ ಜನ ಸೇರಿದ್ದು ನೋಡಿದೆ, ಬಾಯಿಗೆ ಬಂದಿದ್ದು ಅಂದುಬಿಟ್ಟೆ. ಎಲ್ಲರೂ ನಕ್ಕರು. ಅಬ್ಬಾ, ಬಚಾವಾದೆ ಅನ್ನಿಸ್ತು.

ತಗೋ ಟವೆಲ್. ನೊರೆ ನೀನೇ ಒರೆಸ್ಕೋ. ಕಿವಿ ಹಿಂದೆ ಇದೆ, ಇನ್ನೂ ಸ್ವಲ್ಪ... ಹಾಂ, ಹೋಯ್ತು. ಬಾಗಿಲು ಎಳಿ. ಮನೆಗೆ ಹೋಗೋಣ ನಡಿ. ನಿಮ್ಮಕ್ಕನಿಗೆ ನಾನೇ ಹೇಳ್ತೀನಿ, ಡಾಕ್ಟರ ಹತ್ರ ಯಾವತ್ತು ಹೋಗೋದು ಅಂತ ಅವಳೇ ಹೇಳಲಿ. ನೀನು ನನ್ನ ಪಕ್ಕದಲ್ಲಿ ನಿಂತಿರು, ಸಾಕು. ಏನೂ ಮಾತಾಡ್ಬೇಡ. ಇಷ್ಟು ಹೊತ್ತು ಹೇಗಿದ್ದೆಯೋ... ಹಾಗೇ.